ಗಾಡಿ ನಿಂತದ್ದು ಯಾವಾಗ?

ಸ್ಟಾರ್ಟ್ ಆದ ಮೇಲೆ ಆಫ್ ಆಗುವ ಹಳೆಯ ಕಾರು: ಪದ್ಮಿನಿಯ ಬಾನೆಟ್ ಕೆಳಗೆ ಪೆಟ್ರೋಲ್, ಗಾಳಿ, ಕಿಡಿಗಳ ಲೆಕ್ಕ

ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಏಳುತ್ತದೆ. ಬಾನೆಟ್ ನಡುಗುತ್ತದೆ, ಸೈಲೆನ್ಸರ್ ಗುಟುರು ಹಾಕುತ್ತದೆ. ಇನ್ನೇನು ಗೇರ್ ಹಾಕಬೇಕು ಅನ್ನುವಷ್ಟರಲ್ಲಿ ಗಾಡಿ ಆಫ್. ಮತ್ತೆ ಸೆಲ್ಫ್, ಮತ್ತೆ ಸ್ಟಾರ್ಟ್, ಮತ್ತೆ ಆಫ್. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಮಾರಿಸ್ ಮೈನರ್ ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ. ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಹೊಡೆದು, ಬೀದಿಯವರನ್ನು ಕರೆದು ತಳ್ಳಿಸಿ, ಯಾರೋ ಹೇಳಿದರೆಂದು ಕಾಯಿಲ್ ಬದಲಿಸಿ, ಇನ್ಯಾರೋ ಹೇಳಿದರೆಂದು ಕಾರ್ಬ್ಯುರೇಟರ್ ಬದಲಿಸಿ, ಕೊನೆಗೆ ಬೇಸತ್ತು ಕಾರಿಗೆ ಟಾರ್ಪಾಲು ಹೊದಿಸಿದವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ.

ಇದು ನೋವಿನ ಸಂಗತಿ. ಏಕೆಂದರೆ ಸ್ಟಾರ್ಟ್ ಆಗಿ ನಿಲ್ಲುವ ಕಾರು ಸತ್ತ ಕಾರಲ್ಲ. ಇಂಜಿನ್ ಒಮ್ಮೆ ಎದ್ದಿತು ಅಂದರೆ ಕಂಪ್ರೆಷನ್ ಇದೆ, ಟೈಮಿಂಗ್ ಹೆಚ್ಚು ಕಡಿಮೆ ಸರಿಯಿದೆ, ಪ್ಲಗ್‌ಗಳಿಗೆ ಕಿಡಿ ಬಂದಿದೆ, ಸಿಲಿಂಡರಿಗೆ ಪೆಟ್ರೋಲ್ ಹೋಗಿದೆ. ಇಷ್ಟನ್ನೂ ಅದು ತಾನೇ ಪರೀಕ್ಷೆ ಮಾಡಿ ತೋರಿಸಿದೆ. ಉಳಿಯುವುದು ಒಂದೇ ಪ್ರಶ್ನೆ: ಆ ಒಂದು ಗಳಿಗೆ ಇದ್ದದ್ದು ಆಮೇಲೆ ಯಾಕೆ ಇಲ್ಲವಾಯಿತು? ಅನುಭವಸ್ಥ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಕೇಳುವುದೂ ಇದನ್ನೇ. “ನಿಂತದ್ದು ಯಾವಾಗ ಸಾರ್? ಕೀ ಬಿಟ್ಟ ಕೂಡಲೇನಾ, ಸ್ವಲ್ಪ ಹೊತ್ತು ಓಡಿದ ಮೇಲಾ, ಚೋಕ್ ತೆಗೆದ ಮೇಲಾ, ಬಿಸಿ ಆದ ಮೇಲಾ?” ಈ ನಾಲ್ಕು ಉತ್ತರಗಳು ನಾಲ್ಕು ಬೇರೆ ಬೇರೆ ದಾರಿಗಳು. ದಾರಿ ಗೊತ್ತಾದರೆ ಮುಕ್ಕಾಲು ಪಾಲು ಪಾರ್ಟ್‌ಗಳನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಕಣ್ಣಿಗೆ ಕಾಣುವ ಯಂತ್ರ

ಉದಾಹರಣೆಗೆ ಪದ್ಮಿನಿಯನ್ನೇ ತೆಗೆದುಕೊಳ್ಳೋಣ. ಇಟಲಿಯ ಫಿಯೆಟ್ 1100 ಕಾರಿನ ವಿನ್ಯಾಸ ಪಡೆದು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಈ ಕಾರು 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ರಸ್ತೆಗೆ ಬಂತು. ಎಪ್ಪತ್ತರ ದಶಕದ ನಡುವಿನಲ್ಲಿ ಚಿತ್ತೋರಿನ ರಾಣಿಯ ಹೆಸರು ಪಡೆದು ಪದ್ಮಿನಿಯಾಯಿತು. ಸ್ಟಿಯರಿಂಗ್ ಪಕ್ಕದ ಗೇರ್, ಉದ್ದನೆಯ ಬೆಂಚ್ ಸೀಟು, 1,089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್. ಒಂದು ಕಾಲದಲ್ಲಿ ಡಾಕ್ಟರು, ವಕೀಲರು, ಎಸ್ಟೇಟಿನವರು ಇದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. ಅಲ್ಲಿ ಟ್ಯಾಕ್ಸಿಗೆ 20 ವರ್ಷಗಳ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಈಗ ಪದ್ಮಿನಿ ಉಳಿದಿರುವುದು ಅದನ್ನು ಪ್ರೀತಿಯಿಂದ ಇಟ್ಟುಕೊಂಡವರ ಮನೆಗಳಲ್ಲಿ.

ಈ ಕಾರಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಪೆಟ್ರೋಲಿನ ದಾರಿ ನೋಡಿ. ಹಿಂದಿನ ಟ್ಯಾಂಕಿನಿಂದ ಪೈಪಿನಲ್ಲಿ ಬಂದ ಪೆಟ್ರೋಲನ್ನು ಇಂಜಿನ್ ಪಕ್ಕಕ್ಕೆ ಬೋಲ್ಟ್ ಮಾಡಿರುವ ಪಂಪ್ ಎಳೆದುಕೊಳ್ಳುತ್ತದೆ. ಗ್ಯಾರೇಜಿನವರ ಬಾಯಲ್ಲಿ ಇದು ಎಸಿ ಪಂಪ್. ಕ್ಯಾಮ್‌ಶಾಫ್ಟ್ ತಿರುಗಿದಂತೆಲ್ಲ ಇದರ ಒಳಗಿನ ಡಯಾಫ್ರಮ್ ಮೇಲೆ ಕೆಳಗೆ ಆಡುತ್ತ ಪೆಟ್ರೋಲನ್ನು ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರಿಗೆ ತುಂಬುತ್ತದೆ. ಅಲ್ಲಿಂದ ಸಣ್ಣ ಸಣ್ಣ ಜೆಟ್‌ಗಳ ಮೂಲಕ ಗಾಳಿಯೊಂದಿಗೆ ಬೆರೆತು ಸಿಲಿಂಡರಿಗೆ ಹೋಗುತ್ತದೆ.

ಕಿಡಿಯ ದಾರಿಯೂ ಅಷ್ಟೇ ಸರಳ. ಬ್ಯಾಟರಿಯಿಂದ ಕೀ ಸ್ವಿಚ್, ಅಲ್ಲಿಂದ ಕಾಯಿಲ್, ಅಲ್ಲಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಸಿಬಿ ಪಾಯಿಂಟ್. ಪಾಯಿಂಟ್ ತೆರೆದ ಕ್ಷಣ ಕಾಯಿಲ್‌ನಲ್ಲಿ 12 ವೋಲ್ಟ್ ಇದ್ದದ್ದು ಸಾವಿರಾರು ವೋಲ್ಟ್‌ಗೆ ಏರಿ, ರೋಟರ್ ಮೂಲಕ 1-3-4-2 ಎಂಬ ಸರದಿಯಲ್ಲಿ ಒಂದೊಂದೇ ಪ್ಲಗ್ಗಿಗೆ ಹೋಗುತ್ತದೆ. ಇಂಜಿನ್ ನಿಮಿಷಕ್ಕೆ 800 ಸುತ್ತಿನ ಸ್ಲೋ ರನ್ನಿಂಗ್‌ನಲ್ಲಿ ಇದ್ದಾಗಲೂ ಆ ಪುಟ್ಟ ಪಾಯಿಂಟ್ ನಿಮಿಷಕ್ಕೆ 1,600 ಸಲ ತೆರೆದು ಮುಚ್ಚಬೇಕು. ಸೆಕೆಂಡಿಗೆ ಸುಮಾರು 27 ಸಲ. ಇಷ್ಟು ದುಡಿಯುವ ವಸ್ತುವಿಗೆ ಗಮನ ಕೊಡದೆ ವರ್ಷಗಟ್ಟಲೆ ಬಿಟ್ಟರೆ ಅದು ಕೈಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಕೀ ಬಿಟ್ಟ ಕೂಡಲೇ ನಿಂತರೆ

ಸೆಲ್ಫ್ ತಿರುಗುತ್ತಿರುವಾಗ ಇಂಜಿನ್ ಏಳುತ್ತದೆ, ಕೀಯನ್ನು ಆನ್ ಸ್ಥಾನಕ್ಕೆ ಬಿಟ್ಟ ತಕ್ಷಣ ಸಾಯುತ್ತದೆ. ಅದೂ ಕೆಮ್ಮುತ್ತ ನರಳುತ್ತ ಅಲ್ಲ, ಸ್ವಿಚ್ ಒತ್ತಿದ ಹಾಗೆ ಒಂದೇ ಸಲಕ್ಕೆ. ಇದು ವಿದ್ಯುತ್ತಿನ ದೋಷ. ಕಾರ್ಬ್ಯುರೇಟರ್ ಬಿಚ್ಚುವ ಕೆಲಸಕ್ಕೇ ಹೋಗಬಾರದು.

ಕಾರಣ ಹೀಗಿದೆ. ಕೀ ಸ್ವಿಚ್ಚಿನಲ್ಲಿ ಸ್ಟಾರ್ಟ್ ಮಾಡುವಾಗ ಕೂಡುವ ತುದಿ ಬೇರೆ, ಓಡುವಾಗ ಕೂಡಿರುವ ತುದಿ ಬೇರೆ. ಹತ್ತಾರು ವರ್ಷ ತಿರುಗಿ ತಿರುಗಿ ಆನ್ ಸ್ಥಾನದ ತುದಿ ಸವೆದಿದ್ದರೆ, ಸೆಲ್ಫ್ ಹೊಡೆಯುವಾಗ ಮಾತ್ರ ಕಾಯಿಲ್‌ಗೆ ಕರೆಂಟ್ ಸಿಗುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಬ್ಯಾಲಸ್ಟ್ ರೆಸಿಸ್ಟರ್ ಎಂಬ ಪಿಂಗಾಣಿ ತುಂಡೋ ವಿಶೇಷ ತಂತಿಯೋ ಇರುತ್ತದೆ. ಸೆಲ್ಫ್ ತಿರುಗುವಾಗ ಬ್ಯಾಟರಿಯ ವೋಲ್ಟೇಜ್ ಇಳಿಯುವುದರಿಂದ ಆಗ ಈ ರೆಸಿಸ್ಟರ್ ಬಿಟ್ಟು ನೇರವಾಗಿ ಕರೆಂಟ್ ಹೋಗುವ ಏರ್ಪಾಡು ಮಾಡಿರುತ್ತಾರೆ. ರೆಸಿಸ್ಟರ್ ಒಡೆದಿದ್ದರೆ ಸ್ಟಾರ್ಟ್ ಮಾಡುವಾಗ ಕಿಡಿ ಇರುತ್ತದೆ, ಕೀ ಬಿಟ್ಟಾಗ ಇರುವುದಿಲ್ಲ.

ಪರೀಕ್ಷೆಗೆ ಒಂದು ಟೆಸ್ಟ್ ಲ್ಯಾಂಪ್ ಸಾಕು. ಕೀ ಆನ್ ಮಾಡಿ, ಕಾಯಿಲ್‌ನ ಸ್ವಿಚ್ ಕಡೆಯ ತುದಿಗೆ ಹಿಡಿದಾಗ ದೀಪ ಉರಿಯದಿದ್ದರೆ ಉತ್ತರ ಸಿಕ್ಕಿತು. ಇನ್ನೂ ಖಾತರಿ ಬೇಕಾದರೆ ಬ್ಯಾಟರಿಯ ಪಾಸಿಟಿವ್‌ನಿಂದ ಅದೇ ತುದಿಗೆ ತಾತ್ಕಾಲಿಕವಾಗಿ ಒಂದು ತಂತಿ ಕೊಟ್ಟು ಸ್ಟಾರ್ಟ್ ಮಾಡಬಹುದು. ಇಂಜಿನ್ ಓಡುತ್ತಲೇ ಇದ್ದರೆ ದೋಷ ಸ್ವಿಚ್, ರೆಸಿಸ್ಟರ್ ಅಥವಾ ನಡುವಿನ ವೈರಿಂಗ್‌ನಲ್ಲಿದೆ. ಆದರೆ ಆ ತಂತಿಯನ್ನು ಪರೀಕ್ಷೆ ಮುಗಿದ ಕೂಡಲೇ ತೆಗೆಯಬೇಕು. ಅದು ಇದ್ದಷ್ಟು ಹೊತ್ತು ಕೀ ತಿರುಗಿಸಿದರೂ ಇಂಜಿನ್ ನಿಲ್ಲುವುದಿಲ್ಲ, ಕಾಯಿಲ್ ಕೂಡ ಸುಡುವಷ್ಟು ಕಾಯುತ್ತದೆ.

ಇದೇ ಜಾತಿಯ ಇನ್ನೊಂದು ದೋಷ ಬಹಳ ಜನರನ್ನು ಅಲೆದಾಡಿಸಿದೆ. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟಿಗೆ ಬರುವ ಪುಟ್ಟ ವೈರ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ತಂತಿ ಮಾತ್ರ ತುಂಡಾಗಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟನ್ನು ಸ್ವಲ್ಪ ತಿರುಗಿಸುತ್ತದೆ, ತುಂಡಾದ ತಂತಿ ಅಷ್ಟಕ್ಕೇ ಬೇರ್ಪಡುತ್ತದೆ, ಗಾಡಿ ಆಫ್. ಕ್ಯಾಪ್ ತೆಗೆದು ಆ ವೈರನ್ನು ಮೆಲ್ಲಗೆ ಎಳೆದು ನೋಡಿ. ರಬ್ಬರಿನಂತೆ ಉದ್ದವಾದರೆ ಒಳಗೆ ತಾಮ್ರ ಇಲ್ಲ.

ಸ್ವಲ್ಪ ಓಡಿ ನಿಂತರೆ

ಎರಡನೆಯ ದಾರಿ ಪೆಟ್ರೋಲಿನದು. ಇಂಜಿನ್ ಚೆನ್ನಾಗಿ ಏಳುತ್ತದೆ, ಅರ್ಧ ನಿಮಿಷವೋ ಎರಡು ನಿಮಿಷವೋ ಓಡುತ್ತದೆ, ಆಮೇಲೆ ಉಸಿರು ಕಟ್ಟಿದಂತೆ ತಡವರಿಸಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಅದೇ ಆಟ. ಫ್ಲೋಟ್ ಚೇಂಬರಿನಲ್ಲಿ ಇದ್ದಷ್ಟು ಪೆಟ್ರೋಲನ್ನು ಕುಡಿದು ಮುಗಿಸಿದ ಇಂಜಿನ್ ಹೀಗೆ ನಿಲ್ಲುತ್ತದೆ. ಹಿಂದಿನಿಂದ ಬರಬೇಕಾದದ್ದು ಬರುತ್ತಿಲ್ಲ.

ನಿಂತ ಕೂಡಲೇ ಏರ್ ಕ್ಲೀನರ್ ತೆಗೆದು, ಕಾರ್ಬ್ಯುರೇಟರಿನ ಬಾಯಿಗೆ ಟಾರ್ಚ್ ಬಿಟ್ಟು, ಆಕ್ಸಿಲರೇಟರ್ ಲಿವರನ್ನು ಕೈಯಿಂದ ಆಡಿಸಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಬೇಕು. ಚಿಮ್ಮದಿದ್ದರೆ ಚೇಂಬರ್ ಬರಿದಾಗಿದೆ ಎಂದೇ ಹೆಚ್ಚಿನ ಪಾಲು ಅರ್ಥ. ಅಲ್ಲಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ಹೋಗಬೇಕು. ಇಂಜಿನ್ ತಣ್ಣಗಿರುವಾಗ ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಬಿಚ್ಚಿ ಬಾಟಲಿಯೊಳಗೆ ಇಳಿಸಿ, ಕಿಡಿ ಬರದಂತೆ ಕಾಯಿಲ್‌ನ ವೈರ್ ತೆಗೆದು, ಸೆಲ್ಫ್ ತಿರುಗಿಸಿ. ಪಂಪ್ ಸರಿಯಿದ್ದರೆ ಪೆಟ್ರೋಲ್ ಚಿಳ್ ಚಿಳ್ ಎಂದು ಬಿಟ್ಟು ಬಿಟ್ಟು ಬಲವಾಗಿ ಬರುತ್ತದೆ. ಹಾಗೆ ಬಂದರೆ ತೊಂದರೆ ಮುಂದಿದೆ: ಫ್ಲೋಟ್ ಚೇಂಬರಿನ ನೀಡಲ್ ವಾಲ್ವ್ ಅಂಟಿಕೊಂಡಿದೆ ಅಥವಾ ಅಲ್ಲಿನ ಜಾಲರಿ ಕಟ್ಟಿದೆ. ಬಾರದಿದ್ದರೆ ತೊಂದರೆ ಹಿಂದಿದೆ.

ಹಿಂದೆ ಮೂರು ಕಡೆ ನೋಡಬೇಕು. ಪಂಪಿನ ಡಯಾಫ್ರಮ್ ಹಳೆಯದಾಗಿ ಬಿರಿದಿರಬಹುದು. ಹಾಗಿದ್ದರೆ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಹರಿದ ಡಯಾಫ್ರಮ್ ಮೂಲಕ ಪೆಟ್ರೋಲ್ ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾಗಿ, ಮಟ್ಟ ಏರಿ, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ. ಆ ಆಯಿಲ್ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ಎರಡನೆಯದು ಪೈಪಿನ ಜೋಡಣೆಗಳು. ಪಂಪಿನ ಮುಂದೆ ಸೋರಿದರೆ ಪೆಟ್ರೋಲ್ ತೊಟ್ಟಿಕ್ಕಿ ಕಣ್ಣಿಗೆ ಕಾಣುತ್ತದೆ. ಹಿಂದೆ, ಅಂದರೆ ಎಳೆಯುವ ಕಡೆ, ಬಿರುಕು ಬಿಟ್ಟಿದ್ದರೆ ಒಂದು ಹನಿಯೂ ಸೋರದೆ ಪಂಪ್ ಬರೀ ಗಾಳಿ ಎಳೆಯುತ್ತದೆ. ಆದ್ದರಿಂದ ಹಳೆಯ ರಬ್ಬರ್ ಹೋಸ್ ಚೆನ್ನಾಗಿ ಕಂಡರೂ ನಂಬಬಾರದು. ಮೂರನೆಯದು ಟ್ಯಾಂಕ್. ವರ್ಷಗಟ್ಟಲೆ ಅರ್ಧ ಖಾಲಿ ನಿಂತ ಟ್ಯಾಂಕಿನೊಳಗೆ ತುಕ್ಕು ಹಿಡಿದು ಕಚಡಾ ಪೈಪಿನ ಬಾಯಿಗೆ ಬಂದು ಕೂರುತ್ತದೆ.

ಟ್ಯಾಂಕಿನ ಮುಚ್ಚಳವನ್ನು ಮರೆಯಬಾರದು. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಲೇಬೇಕು. ಅದಕ್ಕಿರುವ ಉಸಿರು ತೂತು ಮುಚ್ಚಿಹೋದರೆ ಒಳಗೆ ನಿರ್ವಾತ ಕಟ್ಟಿ ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಗಾಡಿ ಹತ್ತಿಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ. ಆಗ ಮುಚ್ಚಳ ತಿರುಗಿಸಿದರೆ ಉಸ್ಸೆಂದು ಗಾಳಿ ಒಳಗೆ ನುಗ್ಗುವ ಸದ್ದು ಕೇಳುತ್ತದೆ, ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಪಂಪ್ ಬದಲಿಸುವ ಮೊದಲು ಮಾಡುವುದು ಕಾರಿನ ಮೇಲೆ ಪ್ರೀತಿ ಇರುವವರ ಕರ್ತವ್ಯ.

ಚೋಕ್ ಒಳಗೆ ಹಾಕಿದಾಗ ನಿಂತರೆ

ಚೋಕ್ ಎಳೆದಿಟ್ಟರೆ ಓಡುತ್ತದೆ, ಒಳಗೆ ಹಾಕಿದರೆ ಸಾಯುತ್ತದೆ. ಆಕ್ಸಿಲರೇಟರ್ ಮೇಲೆ ಕಾಲು ಇಟ್ಟಿದ್ದರೆ ಬದುಕುತ್ತದೆ, ಸಿಗ್ನಲ್‌ನಲ್ಲಿ ಕಾಲು ತೆಗೆದರೆ ಹೋಯಿತು. ಇದು ಸ್ಲೋ ರನ್ನಿಂಗ್‌ನ ದೋಷ. ಪೆಟ್ರೋಲ್ ಚೇಂಬರ್‌ವರೆಗೆ ಬಂದಿದೆ, ಆದರೆ ಗಾಳಿಯ ಪಾಲಿಗೆ ತಕ್ಕಷ್ಟು ಬೆರೆಯುತ್ತಿಲ್ಲ. ಚೋಕ್ ಹೆಚ್ಚುವರಿ ಪೆಟ್ರೋಲ್ ಕೊಟ್ಟು ಆ ಕೊರತೆಯನ್ನು ಮುಚ್ಚಿಡುತ್ತಿತ್ತು.

ಮೊದಲ ಅನುಮಾನ ಪೈಲಟ್ ಜೆಟ್ ಮೇಲೆ. ಸ್ಲೋ ರನ್ನಿಂಗ್‌ಗೆ ಬೇಕಾದ ಪೆಟ್ರೋಲ್ ಹೋಗುವುದು ಈ ಹಿತ್ತಾಳೆಯ ತುಂಡಿನ ತೂತಿನಿಂದ. ಅದರ ಅಗಲ ಅರ್ಧ ಮಿಲಿಮೀಟರ್ ಆಸುಪಾಸು. ನಿಂತ ಕಾರಿನಲ್ಲಿ ಪೆಟ್ರೋಲ್ ಆವಿಯಾಗಿ ಉಳಿಯುವ ಅಂಟು ಆ ತೂತನ್ನು ಮುಚ್ಚಲು ಹೆಚ್ಚು ದಿನ ಬೇಕಿಲ್ಲ. ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿ ಹೊಡೆಯಬೇಕು. ತಂತಿಯೋ ಸೂಜಿಯೋ ತೂರಿಸಬಾರದು. ಹಿತ್ತಾಳೆ ಮೆತ್ತಗಿನ ಲೋಹ. ಒಂದು ಗೀರು ಬಿದ್ದರೂ ತೂತಿನ ಅಳತೆ ತಪ್ಪಿ, ಆ ಜೆಟ್ ಮುಂದೆಂದೂ ಸರಿಯಾಗಿ ಪೆಟ್ರೋಲ್ ಬಿಡುವುದಿಲ್ಲ.

ಎರಡನೆಯ ಅನುಮಾನ ಕಳ್ಳಗಾಳಿಯ ಮೇಲೆ. ಕಾರ್ಬ್ಯುರೇಟರ್ ಅಡಿಯ ಗ್ಯಾಸ್ಕೆಟ್, ಇಂಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಸವೆದ ಥ್ರಾಟಲ್ ಶಾಫ್ಟ್ ಇವುಗಳ ಸಂದಿಯಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಸೇರುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಇದು ಗೊತ್ತಾಗುವುದಿಲ್ಲ, ಸ್ಲೋ ರನ್ನಿಂಗ್‌ನಲ್ಲಿ ಮಾತ್ರ ಬಾಧಿಸುತ್ತದೆ. ಹುಡುಕಲು ಕೆಲವರು ಪೆಟ್ರೋಲನ್ನೋ ಸ್ಪ್ರೇಯನ್ನೋ ಬಿಸಿ ಇಂಜಿನ್ ಮೇಲೆ ಹೊಡೆಯುತ್ತಾರೆ. ಅದು ಬೆಂಕಿಗೆ ಆಹ್ವಾನ. ಎಣ್ಣೆ ಕ್ಯಾನಿನಿಂದ ಅನುಮಾನದ ಸಂದಿಗೆ ಎರಡು ಹನಿ ಇಂಜಿನ್ ಆಯಿಲ್ ಬಿಟ್ಟರೂ ಅದೇ ಕೆಲಸ ಆಗುತ್ತದೆ. ಆಯಿಲ್ ಬಿರುಕನ್ನು ಒಂದು ಗಳಿಗೆ ಮುಚ್ಚಿದಾಗ ಇಂಜಿನ್ನಿನ ದನಿ ಬದಲಾಗುತ್ತದೆ. ಕಿವಿ ಕೊಟ್ಟರೆ ಸಾಕು.

ಇದಕ್ಕೆ ತದ್ವಿರುದ್ಧವಾದ ದೋಷವೂ ಉಂಟು. ಚೋಕ್ ಕೇಬಲ್ ಸಿಕ್ಕಿಕೊಂಡು ಪೂರ್ತಿ ಹಿಂದಿರುಗದಿದ್ದರೆ, ಅಥವಾ ನೀಡಲ್ ವಾಲ್ವ್ ಸರಿಯಾಗಿ ಮುಚ್ಚದೆ ಚೇಂಬರ್ ಉಕ್ಕುತ್ತಿದ್ದರೆ, ಪೆಟ್ರೋಲ್ ಹೆಚ್ಚಾಗಿ ಗಾಡಿ ನಿಲ್ಲುತ್ತದೆ. ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಮೂಗಿಗೆ ಪೆಟ್ರೋಲ್ ವಾಸನೆ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಪ್ಲಗ್ ಹೇಳುತ್ತದೆ. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಕಡಿಮೆ, ತಿಳಿ ಕಂದು ಬಣ್ಣವಿದ್ದರೆ ಸರಿ. ಮಿಕ್ಸ್ಚರ್ ಸ್ಕ್ರೂ ತಿರುಗಿಸುವ ಮೊದಲು ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡುವುದು ಎಷ್ಟೋ ಗಂಟೆಗಳ ಕೆಲಸ ಉಳಿಸುತ್ತದೆ.

ಬಿಸಿಯಾದ ಮೇಲೆ ನಿಂತರೆ

ಎಲ್ಲಕ್ಕಿಂತ ಕಷ್ಟದ್ದು ಇದು. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ ಊರು ದಾಟಿದ ಕಾರು, ಬಿಸಿಯಾದ ಮೇಲೆ ಟ್ರಾಫಿಕ್ಕಿನಲ್ಲೋ ಘಾಟಿಯ ತಿರುವಿನಲ್ಲೋ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ತಾನಾಗಿ ಸರಿಹೋಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಯಾವ ದೋಷವೂ ಕಾಣಿಸುವುದಿಲ್ಲ.

ಇಲ್ಲಿ ಇಬ್ಬರು ಆರೋಪಿಗಳಿದ್ದಾರೆ. ಒಂದು ವೇಪರ್ ಲಾಕ್. ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ದ್ರವಗಳ ಮಿಶ್ರಣ. ಅದರಲ್ಲಿ ಹಗುರಾದವು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಪಂಪ್ ಕೂತಿರುವುದು ಕಾದ ಇಂಜಿನ್ ಮೇಲೆ. ಅದೂ ಎಳೆಯುವ ಕಡೆ ಒತ್ತಡ ಕಡಿಮೆ ಇರುವುದರಿಂದ ಆವಿಯಾಗುವುದು ಇನ್ನೂ ಸುಲಭ. ದ್ರವ ಎತ್ತಲೆಂದು ಮಾಡಿದ ಪಂಪಿನೊಳಗೆ ಆವಿ ತುಂಬಿಕೊಂಡರೆ ಡಯಾಫ್ರಮ್ ಆಡುತ್ತಲೇ ಇರುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಹಳೆಯ ಕಾರುಗಳಲ್ಲಿ ಹತ್ತುತ್ತಿದ್ದ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ನೀರು ಚಿಮುಕಿಸುತ್ತಿದ್ದರು. ಅದು ಮೂಢನಂಬಿಕೆಯಲ್ಲ, ಶುದ್ಧ ಭೌತಶಾಸ್ತ್ರ. ನೀರು ಆವಿಯಾಗುವಾಗ ಲೋಹದ ಶಾಖವನ್ನು ಹೀರಿಕೊಂಡು ಪಂಪನ್ನು ತಣಿಸುತ್ತದೆ. ಶಾಶ್ವತ ಪರಿಹಾರ ಬೇಕಾದರೆ ಪೆಟ್ರೋಲ್ ಪೈಪು ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ ಹಾಯುವಂತೆ ನೋಡಿಕೊಳ್ಳಬೇಕು. ಕಾರ್ಬ್ಯುರೇಟರ್ ಅಡಿಯ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಇದೆಯೇ, ರೇಡಿಯೇಟರ್ ಸ್ವಚ್ಛವಾಗಿದೆಯೇ ಎಂದೂ ಪರೀಕ್ಷಿಸಬೇಕು.

ಇನ್ನೊಂದು ಕಾಯಿಲ್ ಅಥವಾ ಕಂಡೆನ್ಸರ್. ಕಾಯಿಲ್ ಒಳಗಿನ ಕೂದಲೆಳೆಯಂಥ ತಂತಿಯ ಇನ್ಸುಲೇಷನ್ ಹಳೆಯದಾಗಿದ್ದರೆ, ತಣ್ಣಗಿರುವಾಗ ಕೆಲಸ ಮಾಡಿ ಕಾದಾಗ ಕೈಬಿಡುತ್ತದೆ. ಕಂಡೆನ್ಸರ್ ಕೆಟ್ಟರೆ ಪಾಯಿಂಟಿನ ಮುಖ ಬೇಗ ಸುಟ್ಟು ಕಪ್ಪಾಗುತ್ತದೆ, ನೀಲಿಯಾಗಿ ಚಟ್ಟೆನ್ನಬೇಕಾದ ಕಿಡಿ ಹಳದಿಯಾಗಿ ಸೊರಗುತ್ತದೆ.

ಇವೆರಡರಲ್ಲಿ ಯಾವುದೆಂದು ತಿಳಿಯಲು ಸಿಗುವ ಸಮಯ ಬಹಳ ಕಡಿಮೆ. ಗಾಡಿ ತಣ್ಣಗಾದರೆ ಸಾಕ್ಷ್ಯ ಹೋಯಿತು. ಆದ್ದರಿಂದ ನಿಂತ ಕೂಡಲೇ ರಸ್ತೆ ಬದಿಗೆ ಸರಿಸಿ ಎರಡನ್ನು ನೋಡಬೇಕು: ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಇದೆಯೇ, ಪ್ಲಗ್ಗಿನಲ್ಲಿ ಕಿಡಿ ಇದೆಯೇ. ಕಿಡಿ ನೋಡುವಾಗ ಬಿಚ್ಚಿದ ಪ್ಲಗ್ಗನ್ನು ಇಂಜಿನ್ ಲೋಹಕ್ಕೆ ತಾಗಿಸಿ, ವೈರನ್ನು ಇನ್ಸುಲೇಷನ್ ಇರುವ ಇಕ್ಕಳದಿಂದ ಹಿಡಿದು, ಪೆಟ್ರೋಲ್ ಆವಿ ಇರುವ ಜಾಗದಿಂದ ದೂರ ಇಟ್ಟುಕೊಳ್ಳಬೇಕು. ಕಿಡಿ ಇದ್ದು ಪೆಟ್ರೋಲ್ ಇಲ್ಲದಿದ್ದರೆ ವೇಪರ್ ಲಾಕ್. ಪೆಟ್ರೋಲ್ ಇದ್ದು ಕಿಡಿ ಇಲ್ಲದಿದ್ದರೆ ಕಾಯಿಲ್, ಕಂಡೆನ್ಸರ್. ಎರಡೂ ಇದ್ದರೆ ಟ್ಯಾಪೆಟ್ ಬಿಗಿಯಾಗಿದೆಯೇ ನೋಡಿ. ಕಾದಾಗ ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿ ಸ್ಲೋ ರನ್ನಿಂಗ್ ನಿಲ್ಲುವುದುಂಟು.

ಹೊಸ ಪೆಟ್ರೋಲ್, ಹಳೆಯ ಕಾರು

ಈಗ ಹಳೆಯ ಕಾರಿನವರು ತಿಳಿಯಲೇಬೇಕಾದ ಇನ್ನೊಂದು ವಿಷಯವಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್, ಅಂದರೆ ಇ20, ಬಿಡುಗಡೆಯಾಯಿತು. ಈಗ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಆಮದು ತೈಲದ ಹೊರೆ ತಗ್ಗಿಸುವ, ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಮಾರುಕಟ್ಟೆ ಕೊಡುವ ಉದ್ದೇಶ ಅದಕ್ಕಿದೆ. ಆದರೆ ಅರುವತ್ತರ ದಶಕದ ಕಾರ್ಬ್ಯುರೇಟರನ್ನು ರೂಪಿಸಿದವರು ಈ ಇಂಧನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ.

ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಎಥನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ 9 ಕಿಲೊ ಗಾಳಿ ಸಾಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ಅರಿತು ಇಂಧನ ಹೆಚ್ಚಿಸುತ್ತದೆ. ಪದ್ಮಿನಿಯ ಜೆಟ್‌ಗೆ ಅದು ಗೊತ್ತಿಲ್ಲ. ತೂತು ಅಷ್ಟೇ, ಹೋಗುವ ಇಂಧನ ಅಷ್ಟೇ, ಗಾಳಿ ಮಾತ್ರ ಈಗ ಅಗತ್ಯಕ್ಕಿಂತ ಹೆಚ್ಚು. ಮಿಶ್ರಣ ಲೀನ್ ಆಗಿ ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಮೇಲೆ ತಡವರಿಸುತ್ತದೆ. ಮೊದಲು ಸರಿಯಿದ್ದ ಸ್ಕ್ರೂ ಸೆಟ್ಟಿಂಗನ್ನು ಈಗ ಮತ್ತೆ ಹೊಂದಿಸಬೇಕಾಗುತ್ತದೆ, ಕೆಲವೊಮ್ಮೆ ಜೆಟ್ಟನ್ನೇ ಒಂದು ಅಳತೆ ಹೆಚ್ಚಿನದಕ್ಕೆ ಬದಲಿಸಬೇಕಾಗುತ್ತದೆ.

ಎಥನಾಲ್ ತೇವವನ್ನೂ ಹೀರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರಿನ ಪ್ರಮಾಣ ಹೆಚ್ಚಾದರೆ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪು ಎಳೆಯುವುದು ತಳದಿಂದಲೇ. ಹಳೆಯ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್ ಎಥನಾಲ್‌ಗೆ ಉಬ್ಬುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಆದ್ದರಿಂದ ಬದಲಿಸುವಾಗ ಎಥನಾಲ್ ತಾಳುವ ಹೋಸ್ ಮತ್ತು ಡಯಾಫ್ರಮ್ ಕಿಟ್ಟನ್ನೇ ಕೇಳಿ ಪಡೆಯಬೇಕು. ಟ್ಯಾಂಕ್ ತುಂಬಿಸಿ ನಿಲ್ಲಿಸುವುದಾದರೆ ಆ ಪೆಟ್ರೋಲನ್ನು ಬೇಗ ಓಡಿಸಿ ಮುಗಿಸಬೇಕು. ದೀರ್ಘಕಾಲ ಓಡಿಸುವುದಿಲ್ಲ ಎಂದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿ ಇಡಬೇಕು.

ಕ್ರಮವೇ ಕಾರನ್ನು ಉಳಿಸುವುದು

ಕೆಲಸ ಮಾಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಎಂದಿಗೂ ಬಿಡಬಾರದು. ಪಾಯಿಂಟ್ ಗ್ಯಾಪ್ ಸರಿಮಾಡಿ, ಅದರ ಜೊತೆಗೇ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ, ಟೈಮಿಂಗನ್ನೂ ಆಡಿಸಿದರೆ, ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಹಾಳಾದರೆ ಹಿಂದಕ್ಕೆ ಬರಲು ದಾರಿಯೂ ಇರುವುದಿಲ್ಲ. ಸ್ಕ್ರೂ ತಿರುಗಿಸುವ ಮೊದಲು ಅದು ಎಷ್ಟು ಸುತ್ತು ಹೊರಗಿತ್ತು ಎಂದು ಬರೆದಿಡಿ. ವೈರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ತೆಗೆದ ಹಳೆಯ ಪಾರ್ಟನ್ನು ಕೂಡಲೇ ಗುಜರಿಗೆ ಹಾಕಬೇಡಿ. ಮಾರುಕಟ್ಟೆಯ ಹೊಸ ಕಂಡೆನ್ಸರ್ ಹಳೆಯದಕ್ಕಿಂತ ಕಳಪೆಯಾಗಿರುವುದು ಅಪರೂಪವಲ್ಲ.

ಜಾಗ್ರತೆಯ ಮಾತನ್ನೂ ಒತ್ತಿ ಹೇಳಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಎಚ್ಚರಿಸದೆಯೇ ಕೊಲ್ಲುತ್ತದೆ. ಬೇಗ ಸ್ಟಾರ್ಟ್ ಆಗಲೆಂದು ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲ್ ಸುರಿಯುವ ಅಭ್ಯಾಸವನ್ನು ಕೈಬಿಡಬೇಕು. ಬ್ಯಾಕ್‌ಫೈರ್ ಆದರೆ ಬೆಂಕಿ ನೇರ ಮುಖಕ್ಕೆ ಬರುತ್ತದೆ. ಪೆಟ್ರೋಲ್ ಪೈಪ್ ಬಿಚ್ಚುವಾಗ ಬೀಡಿ, ಸಿಗರೇಟ್ ಹತ್ತಿರ ಇರಬಾರದು, ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇರಬೇಕು. ಪಂಚೆ, ದುಪಟ್ಟಾ, ಸಡಿಲ ತೋಳುಗಳನ್ನು ತಿರುಗುವ ಫ್ಯಾನಿನಿಂದ ದೂರ ಇಡಬೇಕು.

ಕೈಯಿಂದ ಕೈಗೆ

ಹಳೆಯ ವಾಹನಗಳಿಗೆ ಈಗ ಕಾನೂನಿನಲ್ಲೂ ಒಂದು ಸ್ಥಾನ ಸಿಕ್ಕಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, 50 ವರ್ಷ ಮೀರಿದ, ಮೂಲರೂಪ ಕೆಡದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ‘ವಿಎ’ ಅಕ್ಷರಗಳಿರುವ ವಿಶೇಷ ಸರಣಿಯಲ್ಲಿ ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗೆ ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ. ಧರ್ಮಸ್ಥಳದ ಸಂಗ್ರಹದಿಂದ ಬೆಳೆದು ಶ್ರೀರಂಗಪಟ್ಟಣದ ಬಳಿ ತಲೆಯೆತ್ತಿರುವ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋದರೆ, ಮಕ್ಕಳು ಹಳೆಯ ಕಾರುಗಳ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದನ್ನು ನೋಡಬಹುದು.

ಕಾರಿನ ಮೈ ಉಳಿದರೆ ಸಾಲದು, ಅದನ್ನು ಓಡಿಸುವ ವಿದ್ಯೆಯೂ ಉಳಿಯಬೇಕು. ಫೀಲರ್ ಗೇಜಿಲ್ಲದೆಯೇ ಪಾಯಿಂಟ್ ಗ್ಯಾಪ್ ಅಂದಾಜು ಮಾಡುವ ಕಣ್ಣು, ಸ್ಲೋ ರನ್ನಿಂಗ್‌ನ ಸದ್ದಿನಿಂದಲೇ ಯಾವ ಸಿಲಿಂಡರ್ ಹೊಡೆಯುತ್ತಿಲ್ಲ ಎಂದು ಹೇಳುವ ಕಿವಿ ಇರುವ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಸ್ಕ್ಯಾನರ್ ಹಿಡಿದು ಹೊಸ ಕಾರುಗಳನ್ನು ನೋಡುತ್ತಿದ್ದಾರೆ, ಅದು ಸಹಜ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆಯ ಪಾರ್ಟ್ ಸಿಕ್ಕೀತು. ಅದನ್ನು ಎಲ್ಲಿ, ಯಾಕೆ ಹಾಕಬೇಕೆಂಬ ತಿಳಿವಳಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಳೆಯ ಕಾರು ಇಟ್ಟುಕೊಂಡವರ ಮೇಲೆ ಇಲ್ಲಿ ಒಂದು ಹೊಣೆ ಇದೆ. ಮುಂದಿನ ಸಲ ಮೇಸ್ತ್ರಿ ಬಂದಾಗ ಪಕ್ಕದ ಮನೆಯ ಐಟಿಐ ಹುಡುಗನನ್ನೋ, ಇಂಜಿನಿಯರಿಂಗ್ ಓದುವ ಮಗಳನ್ನೋ ಬಾನೆಟ್ ಪಕ್ಕ ನಿಲ್ಲಿಸಿ. ಟೆಸ್ಟ್ ಲ್ಯಾಂಪನ್ನು ಅವರ ಕೈಗೆ ಕೊಡಿ. ಪೆಟ್ರೋಲ್ ಎಲ್ಲಿಯವರೆಗೆ ಬಂತು, ಕಿಡಿ ಎಲ್ಲಿ ತಪ್ಪಿತು ಎಂದು ಅವರೇ ಹುಡುಕಲಿ. ಮೇಸ್ತ್ರಿಗೆ ಅರ್ಧ ಗಂಟೆ ಹೆಚ್ಚು ಹಿಡಿದರೆ ಆ ಅರ್ಧ ಗಂಟೆಯ ಕೂಲಿಯನ್ನು ಸಂತೋಷದಿಂದ ಕೊಡಿ. ಕಾರಣವನ್ನು ಹಂತ ಹಂತವಾಗಿ ಹುಡುಕುವ ಈ ಅಭ್ಯಾಸ ಒಮ್ಮೆ ಕೈಗೆ ಹತ್ತಿದರೆ ಪಂಪ್‌ಸೆಟ್ಟಿಗೂ ಜನರೇಟರಿಗೂ ನಾಳೆ ಬರುವ ಯಾವ ಯಂತ್ರಕ್ಕೂ ಅದು ಬಳಕೆಗೆ ಬರುತ್ತದೆ. ಹಳೆಯ ಕಾರು ನಮಗೆ ಇಂದಿಗೂ ಕಲಿಸಬಲ್ಲ ಪಾಠ ಅದು. ಕಲಿಯುವವರನ್ನು ಕರೆತರುವ ಕೆಲಸ ಮಾತ್ರ ನಮ್ಮದು.